ಗೋಧಿ ಚೀಲದ ಮೇಲಿನ ಎರಡು ಕೈ

ಆಗ ನನಗೆ ಮೂವತ್ತಕ್ಕೆ ಒಂದೋ ಎರಡೋ ಕಮ್ಮಿ. ಅದಾಗಿ ಐವತ್ತು ವರ್ಷ ದಾಟಿತು. ನಮ್ಮ ಕಡೆ ಹುಟ್ಟಿದ ದಿನವನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಸತ್ತ ದಿನವನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು, ಏಕೆಂದರೆ ತಿಥಿ ಮಾಡಬೇಕು, ಎಡೆ ಇಡಬೇಕು. ಹುಟ್ಟಿದ ದಿನ ಗೊತ್ತಿಲ್ಲದೆ ಬದುಕಬಹುದು, ನಾನೇ ಬದುಕಿದ್ದೇನೆ. ಸತ್ತ ದಿನ ಗೊತ್ತಿಲ್ಲದಿದ್ದರೆ ಉಳಿದವರಿಗೆ ಕಷ್ಟ. ಅಂಥ ಒಂದು ದಿನವನ್ನು ಕೇಳಿಕೊಂಡು ಒಬ್ಬ ಹೆಂಗಸಿನ ಜೊತೆ ಹುಣಸೂರಿಗೆ ಹೋಗಿದ್ದೆ. ಅದನ್ನು ಬರೆಯುತ್ತೇನೆ.

ಅಕ್ಷರ ಕಲಿತದ್ದು ತಡವಾಗಿ, ಮೊಮ್ಮಗಳ ಪಕ್ಕ ಕೂತು. ಒತ್ತಕ್ಷರ ಬಂದರೆ ಈಗಲೂ ಕೈ ನಿಲ್ಲುತ್ತದೆ. ಅಲಂಕಾರ ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ನಮ್ಮದು ಪಿರಿಯಾಪಟ್ಟಣದ ಆಚೆ, ಕಾಡಿನ ಅಂಚಿನ ಊರು. ಚೀಣದವರು ಟಿಬೆಟ್ ಅನ್ನುವ ದೇಶವನ್ನು ನುಂಗಿದರಂತೆ, ಅಲ್ಲಿಂದ ಓಡಿ ಬಂದವರಿಗೆ ಬೈಲಕುಪ್ಪೆಯ ಹತ್ತಿರ ಕಾಡು ಕಡಿದು ಜಾಗ ಮಾಡಿಕೊಡಬೇಕಂತೆ ಎಂದು ಕೂಲಿಗೆ ಕರೆದರು. ನನ್ನ ಗಂಡ ಕೊಡಲಿ ಹೆಗಲಿಗೆ ಹಾಕಿಕೊಂಡು ಹೊರಟ. "ಎಲ್ಲೋ ಚೀಣ ಕೆಮ್ಮಿದ್ರೆ ನಮ್ ಕಾಡಿಗೆ ಜ್ವರ ಬತ್ತದೆ ನೋಡು" ಎಂದು ನಗುತ್ತಿದ್ದ. ಎರಡನೇ ವರ್ಷ ಬಿದಿರು ಮೆಳೆಯ ಹಿಂದೆ ಆನೆ ಇದ್ದದ್ದು ಅವನಿಗೆ ಕಾಣಲಿಲ್ಲ. ತುಳಿಯಿತು. ಫಾರೆಸ್ಟ್ ಗಾರ್ಡು ಬಂದು ಆನೆಯ ಹೆಜ್ಜೆಗೆ ದಾರ ಹಿಡಿದು ಅಳೆದ. ಯಾವಾಗ ಆಯಿತು, ಯಾರು ನೋಡಿದರು ಎಂದು ಕೇಳಿ ಬರೆದುಕೊಂಡು ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಕೊಟ್ಟದ್ದು ಏನೂ ಇಲ್ಲ. ಆದರೂ ಬಂದು ಅಳೆದರಲ್ಲ, ದಿನ ಬರೆದರಲ್ಲ. ಅದು ಎಷ್ಟು ದೊಡ್ಡದು ಎಂದು ನನಗೆ ಆಗ ಗೊತ್ತಿರಲಿಲ್ಲ. ಹನ್ನೊಂದನೇ ದಿನ ತಿಥಿ ಮುಗಿಸಿ, ಎರಡು ಹೆಣ್ಣುಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ನಾನೂ ಅದೇ ಕಾಡಿಗೆ ಸೌದೆ ಸೊಪ್ಪು ಎಳೆಯಲು ಹೋದೆ.

ಕಾಡು ಹೋದ ಜಾಗದಲ್ಲಿ ಸಾಲು ಸಾಲು ಮನೆ ಎದ್ದಿತು, ಮುಸುಕಿನ ಜೋಳದ ಹೊಲ ಎದ್ದಿತು. ನಾವು ಅವರ ಹೊಲಕ್ಕೆ ಕೂಲಿ ಹೋಗತೊಡಗಿದೆವು. ಅವಳು ಸಿಕ್ಕಿದ್ದು ಅಲ್ಲಿ. ನನಗಿಂತ ಎರಡು ಮೂರು ವರ್ಷ ದೊಡ್ಡವಳು. ಕೆಂಪು ಕೆನ್ನೆ, ಬಿಸಿಲಿಗೆ ಒಡೆದ ತುಟಿ. ಬರುವಾಗ ಹಿಮದಲ್ಲಿ ಒಂದು ಕೂಸನ್ನು ಹೂತು ಬಂದಿದ್ದಳು, ಮತ್ತೆ ಮಕ್ಕಳಾಗಿರಲಿಲ್ಲ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು ತಂಗಿ-ಲಾ ಎನ್ನುತ್ತಿದ್ದಳು.

ಈ "ಲಾ" ಮೊದಲ ದಿನವೇ ಜಗಳ ತಂದಿತ್ತು. ಅವರ ಮಾತಿನಲ್ಲಿ ದೊಡ್ಡವರ ಹೆಸರಿಗೆಲ್ಲ ಕೊನೆಗೆ ಲಾ ಸೇರಿಸುತ್ತಾರೆ, ನಾವು ಅವರು ಇವರು ಅಂದ ಹಾಗೆ. ಅಪ್ಪನಿಗೂ ಲಾ, ಅಮ್ಮನಿಗೂ ಲಾ, ಸನ್ಯಾಸಿಗೂ ಲಾ. ನಮ್ಮಲ್ಲಿ ಲಾ ಅಂದರೆ ದನ ಕಾಯುವವನಿಗೆ, ಜೊತೆಯವನಿಗೆ, ಜಗಳಕ್ಕೆ ಬಂದವನಿಗೆ. ಆವತ್ತು ಕಳೆ ಕೀಳುತ್ತಿದ್ದವಳು ಎದ್ದು ನಿಂತು, ಕೈ ಮುಗಿದು, "ಮೇಸ್ತ್ರಿ-ಲಾ, ನೀರು" ಅಂದಳು.

ಮೇಸ್ತ್ರಿ ಕೊಡೆ ಕೆಳಗಿಟ್ಟ. "ಯಾರಿಗಮ್ಮಿ ಲಾ ಅಂತಿದ್ದೀಯೆ? ನಾನೇನು ನಿಮ್ಮಪ್ಪನ ಮನೆ ಜೀತದಾಳಾ?"

"ಜೀತ-ಲಾ?" ಅಂದಳು ಅವಳು, ಇನ್ನೂ ಕೈ ಮುಗಿದುಕೊಂಡೇ.

ಹೊಲ ಪೂರ್ತಿ ಹೆಂಗಸರು ಬಿದ್ದು ಬಿದ್ದು ನಕ್ಕೆವು. ಮೇಸ್ತ್ರಿ ಕಾಲು ಅಪ್ಪಳಿಸುತ್ತಾ ಹೋದ. ಆಮೇಲೆ ನಾನು ಅವಳಿಗೆ ಹೇಳಿದೆ: "ನೋಡಕ್ಕ, ಇಲ್ಲಿ ಲಾ ಅನ್ಬಾರ್ದು. ಅದೂ ನನಗೆ ಬ್ಯಾಡವೇ ಬ್ಯಾಡ. ನಾನೇನು ಗಂಡ್ಸಾ?" ಅವಳು ತಲೆಯಾಡಿಸಿದಳು. "ಆಯ್ತು ತಂಗಿ-ಲಾ" ಅಂದಳು. ನಾನು ಬಿಟ್ಟುಬಿಟ್ಟೆ.

ಅವರ ಟೀಗೆ ಉಪ್ಪು ಹಾಕುತ್ತಾರೆ, ಬೆಣ್ಣೆ ಹಾಕುತ್ತಾರೆ. ಮೊದಲ ಸಲ ಉಗುಳಿದೆ, ಆಮೇಲೆ ಅಭ್ಯಾಸವಾಯಿತು. ಅವಳು ನಮ್ಮ ಮುದ್ದೆಯನ್ನು ಅಗಿದು ಅಗಿದು ತಿನ್ನುತ್ತಿದ್ದಳು, ನಮ್ಮತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಲೇ, ಮುದ್ದೆ ಅಗೀಬ್ಯಾಡ, ನುಂಗು ಅಂತ ಹೇಳೇ ಅವಳ್ಗೆ. ದೇಶ ಕಳ್ಕಂಡ್ಳು, ಹಲ್ಲಾದ್ರೂ ಉಳೀಲಿ."

ಅವಳ ಗಂಡ ಮಿಲಿಟರಿಯಲ್ಲಿದ್ದ. ಚೀಣದ ಜೊತೆ ಯುದ್ಧವಾದ ಮೇಲೆ ಅವರ ಗಂಡಸರನ್ನು ಆರಿಸಿ ಆರಿಸಿ ಉತ್ತರದ ಕಡೆ ಕರೆದುಕೊಂಡು ಹೋದರು. ಹೆಸರು ಹೇಳಬಾರದ ಪಲ್ಟನ್. ಊರು ಯಾವುದು ಎಂದು ಕೇಳಿದರೆ "ಬೆಟ್ಟ" ಎನ್ನುತ್ತಿದ್ದ, ಅಷ್ಟೇ. ವರ್ಷಕ್ಕೊಮ್ಮೆ ರಜೆಗೆ ಬಂದರೆ ನಮ್ಮ ಮನೆಗೂ ಬರುತ್ತಿದ್ದ. ಒಂದು ಸಲ ನನ್ನ ಮಕ್ಕಳನ್ನು ನಗಿಸಲು ಹುಲ್ಲಿನ ಮೆದೆ ಹತ್ತಿ, ಎರಡು ಮೊಣಕಾಲು ಜೋಡಿಸಿ, ಕೆಳಕ್ಕೆ ಹಾರಿ ಒಂದು ಪಕ್ಕಕ್ಕೆ ಉರುಳಿದ. ವಿಮಾನದಿಂದ ಕೊಡೆ ಕಟ್ಟಿಕೊಂಡು ಬೀಳುವುದು ಹಾಗಂತೆ. ಬಿಳಿ ಸಾಹೇಬರು ಬಂದು ಕಲಿಸಿದರಂತೆ. ಇದನ್ನು ಹೇಳಿ ತುಟಿಯ ಮೇಲೆ ಬೆರಳಿಟ್ಟ.

ನಮ್ಮತ್ತೆ ಎಲೆ ಅಡಿಕೆ ಅಗಿಯುತ್ತಾ ನೋಡುತ್ತಿದ್ದಳು. "ಬೀಳಾದನ್ನೂ ಕಲಿಸ್ತಾರಾ? ನನ್ ಮಗ ಕಲೀದೇನೇ ಬಿದ್ದ."

ಅವನಿಗೆ ಅರ್ಥವಾಗಲಿಲ್ಲ. ಅವಳು ಅವನಿಗೆ ಅವರ ಮಾತಿನಲ್ಲಿ ಹೇಳಿದಳು. ಅವನು ಎದ್ದು ಬಂದು ನಮ್ಮತ್ತೆಯ ಮುಂದೆ ತಲೆ ಬಾಗಿಸಿ ನಿಂತ. ನಮ್ಮತ್ತೆ, "ಕೂತ್ಕೋ ಬುಡು, ಉಪ್ಸಾರು ಐತೆ, ಉಣ್ಣು" ಅಂದಳು.

ಆ ಬಿಳಿ ಸಾಹೇಬರು ಅಮೆರಿಕದವರು. ನಮಗೆ ಅಮೆರಿಕ ಅಂದರೆ ಗೋಧಿ. ಮಳೆ ಕೈಕೊಟ್ಟ ಎರಡು ವರ್ಷ ನಾವೆಲ್ಲ ಅಮೆರಿಕದ ಗೋಧಿ ತಿಂದವರೇ. ಇಸ್ಕೂಲಿನಲ್ಲಿ ನನ್ನ ಮಕ್ಕಳಿಗೆ ಹಳದಿ ಉಪ್ಪಿಟ್ಟು, ಹಾಲಿನ ಪುಡಿ. ಟಿಬೆಟ್ಟಿನವರ ಮನೆಗಳಿಗೆ ಚೀಲಗಟ್ಟಲೆ ಬರುತ್ತಿತ್ತು, ಎಣ್ಣೆ ಡಬ್ಬ ಬರುತ್ತಿತ್ತು. ಆಮೇಲೆ ನಿಂತುಹೋಯಿತು. ಚೀಲದ ಮೇಲೆ ಏನು ಬರೆದಿದ್ದರು ಎಂದು ನನಗೆ ಗೊತ್ತಿಲ್ಲ. ಒಂದು ಚಿತ್ರ ಇತ್ತು: ಎರಡು ಕೈ, ಒಂದನ್ನೊಂದು ಹಿಡಿದುಕೊಂಡು ಕುಲುಕುತ್ತಿರುವ ಹಾಗೆ. ಅವಳು ಒಂದು ಚೀಲವನ್ನು ಬಿಚ್ಚಿ ಒಗೆದು ಕಿಟಕಿಗೆ ಪರದೆ ಕಟ್ಟಿದ್ದಳು. ಆ ಎರಡು ಕೈ ಸರಿಯಾಗಿ ಮಧ್ಯಕ್ಕೆ ಬಂದಿದ್ದವು. ಬೆಳಿಗ್ಗೆ ಬಿಸಿಲು ಬಿದ್ದರೆ ಒಳಗಿನ ಗೋಡೆಯ ಮೇಲೂ ಕೈ ಕಾಣುತ್ತಿದ್ದವು.

"ಈ ಕೈ ಅಮೆರಿಕ," ಎಂದು ತೋರಿಸುತ್ತಿದ್ದಳು. "ಈ ಕೈ ನಾವು."

"ಯಾವ್ದು ಕೊಡೋ ಕೈ, ಯಾವ್ದು ಈಸ್ಕಳೋ ಕೈ?" ಎಂದು ನಮ್ಮತ್ತೆ ಹತ್ತಿರ ಹೋಗಿ ನೋಡಿದಳು. "ಎರಡೂ ಒಂದೇ ತರ ಅವೆ ಕಣಮ್ಮಿ. ಮೋಸ ಐತೆ ಇದ್ರಲ್ಲಿ."

ಅವಳ ಗಂಡ ಪ್ರತಿ ಸಲ ಹೊರಡುವಾಗ ಒಂದೇ ಮಾತು ಹೇಳುತ್ತಿದ್ದ. ಬರುವ ವರ್ಷ ಊರಿಗೆ. ಅಷ್ಟು ದೊಡ್ಡ ದೇಶ ಕೈ ಹಿಡಿದಿದೆ, ಬಂದೂಕು ಕೊಟ್ಟಿದೆ, ಆಕಾಶದಿಂದ ಇಳಿಯುವುದನ್ನು ಕಲಿಸಿದೆ, ಇನ್ನೇನು ಬೇಕು. ಒಂದು ರಾತ್ರಿ ಚೀಣದವನ ತಲೆ ಮೇಲೆ ಇಳಿಯುತ್ತೇವೆ, ಬೆಳಗಾದರೆ ನಮ್ಮ ಊರು. ಹಾಗಾಗಿ ಅವಳು ಮನೆಯ ಮುಂದೆ ಒಂದು ಗಿಡವನ್ನೂ ನೆಟ್ಟಿರಲಿಲ್ಲ. ಮೂಲಂಗಿ ಹಾಕುತ್ತಿದ್ದಳು, ಸೊಪ್ಪು ಹಾಕುತ್ತಿದ್ದಳು. ತಿಂಗಳಲ್ಲಿ ಕಿತ್ತು ತಿನ್ನುವುದಷ್ಟೇ. ನನ್ನ ಗುಡಿಸಲ ಹಿಂದೆ ಹಲಸಿನ ಬೀಜ ಬಿದ್ದು ಸಸಿ ಆಗುತ್ತಿದ್ದವು. ಎಷ್ಟು ಸಲ ಹೇಳಿದ್ದೆ.

"ಅಕ್ಕ, ಒಂದು ಹಲಸು ತಕ್ಕಂಡು ಹೋಗಿ ನೆಡು. ನೆರಳಾಯ್ತದೆ. ಮನೆ ಮುಂದೆ ಬೋಳು ಬೋಳು."

"ಹಣ್ಣು ಯಾವಾಗ?"

"ಎಂಟು ವರ್ಷ, ಹತ್ತು ವರ್ಷ."

ಅವಳು ನಕ್ಕುಬಿಡುತ್ತಿದ್ದಳು. "ಹತ್ತು ವರ್ಷ! ತಂಗಿ-ಲಾ, ಆಗ ನಾನು ಊರಲ್ಲಿ. ಯಾರು ತಿಂತಾರೆ? ಕೋತಿ ತಿಂತದೆ."

ಮರ ನೆಟ್ಟರೆ ಊರಿಗೆ ಹೋಗುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅವಳೊಬ್ಬಳೇ ಅಲ್ಲ, ಆ ಸಾಲಿನ ಎಷ್ಟೋ ಮನೆಗಳ ಮುಂದೆ ನೆರಳಿರಲಿಲ್ಲ. ನಮ್ಮಲ್ಲಿ ಮುದಿಯಾದವರಿಗೆ ಊರು ಹೋಗು ಅನ್ನುತ್ತೆ ಕಾಡು ಬಾ ಅನ್ನುತ್ತೆ ಅಂತಾರೆ. ಅವಳಿಗೆ ಮೂವತ್ತಕ್ಕೇ ಊರು ಹೋಗು ಅಂದಿತ್ತು. ಕಾಡು ಬಾ ಅಂದರೂ ಅವಳು ಬಾಗಿಲಲ್ಲೇ ನಿಂತಿದ್ದಳು.

ಆ ವರ್ಷ ಮಳೆಗಾಲಕ್ಕೆ ಮೊದಲು ರಜೆಗೆ ಬಂದು ಹೋದವನು ಮತ್ತೆ ಬರಲಿಲ್ಲ. ರಾಗಿ ಕೊಯ್ದು ಮೆದೆ ಹಾಕುವ ಹೊತ್ತಿಗೆ ಯುದ್ಧ ಅಂದರು. ಚೀಣದ ಮೇಲಲ್ಲ, ಪಾಕಿಸ್ತಾನದ ಮೇಲೆ, ಬಂಗಾಳದ ಕಡೆ. ಬಸ್ಸು ನಿಲ್ಲುವ ಕಡೆ ಟೀ ಅಂಗಡಿಯಲ್ಲಿ ರೇಡಿಯೋ ಇತ್ತು. ನಾವು ಸೌದೆ ಹೊರೆ ಇಳಿಸಿ ನಿಂತು ಕೇಳುತ್ತಿದ್ದೆವು. ಒಂದು ದಿನ ಅಂಗಡಿಯವನು ಅವಳನ್ನು ಕೆಣಕಿದ.

"ಏನಮ್ಮ, ನಿಮ್ಮ ಗೋಧಿ ಅಣ್ಣ ನಮ್ಮ ಮೇಲೇ ಹಡಗು ತಕ್ಕಂಡು ಬತ್ತಾ ಅವ್ನಂತೆ? ಅಮೆರಿಕದ ಹಡಗು, ಪಾಕಿಸ್ತಾನದ ಕಡೆಗೆ!"

ಅವಳು ನನ್ನ ಮುಖ ನೋಡಿದಳು. ಅವನು ಅಂದದ್ದನ್ನು ನಾನು ಬಿಡಿಸಿ ಹೇಳಿದೆ. ಅವಳು ತಲೆ ಅಡ್ಡಡ್ಡ ಆಡಿಸಿದಳು. "ಸುಳ್ಳು. ಅಮೆರಿಕ ನಮ್ಮ ಕೈ ಹಿಡ್ದವ್ರೆ."

"ಒಂದು ಕೈ ನಿಮ್ದು. ಇನ್ನೊಂದು ಕೈ ಯಾರ್ದು ಹಿಡ್ದವ್ನೋ ನೋಡಿದ್ದೀಯಾ?" ಎಂದು ಅಂಗಡಿಯವನು ಲೋಟ ತೊಳೆಯಲು ತಿರುಗಿದ. ತಮಾಷೆಗೆ ಅಂದದ್ದು. ಯೋಚಿಸಿ ಅಂದದ್ದಲ್ಲ.

ಯುದ್ಧ ಬೇಗ ಮುಗಿಯಿತು. ಗೆದ್ದೆವು ಅಂದರು. ಬಸ್ ಸ್ಟಾಪಿನಲ್ಲಿ ಬೂಂದಿ ಹಂಚಿದರು. ಅವಳೂ ಕೈ ಒಡ್ಡಿ ಈಸಿಕೊಂಡು ತಿಂದಳು, ಕಾಗದಕ್ಕೆ ಅಂಟಿದ್ದನ್ನೂ ನೆಕ್ಕಿದಳು. ಗಂಡ ಅವರ ಹೊಸ ವರ್ಷದ ಹಬ್ಬಕ್ಕೆ ಬರುತ್ತಾನೆ ಎಂದು ಮನೆಗೆ ಸುಣ್ಣ ಬಳಿದಳು. ಸುಣ್ಣ ಕಲಸಿಕೊಟ್ಟವಳು ನಾನೇ. ಹಬ್ಬ ಬಂತು, ಹೋಯಿತು. ಆ ಪಲ್ಟನ್ನಿನ ಗಂಡಸರು ಅಲ್ಲೊಬ್ಬ ಇಲ್ಲೊಬ್ಬ ಬಂದರು. ಇವಳು ಹೋಗಿ ಕೇಳಿದರೆ ಬೂಟಿನ ದಾರ ಬಿಚ್ಚುತ್ತಾ, "ಡ್ಯೂಟಿಯಲ್ಲಿರಬಹುದು" ಅನ್ನುತ್ತಿದ್ದರು. ಯಾವ ಡ್ಯೂಟಿ, ಎಲ್ಲಿ, ಹೇಳುವ ಹಾಗಿಲ್ಲ. ಆಣೆ ಇಡಿಸಿಕೊಂಡಿದ್ದಾರೆ. ಅವರ ಹಿರಿಯರೂ ಕೇಳಬೇಡ, ಕೇಳಿದರೆ ಎಲ್ಲರಿಗೂ ತೊಂದರೆ ಅಂದರು.

ಅವಳು ದಡ್ಡಿಯಲ್ಲ. ಬಾಯಲ್ಲಿ ಬರುತ್ತಾನೆ ಅನ್ನುತ್ತಿದ್ದಳು, ಕಣ್ಣು ಬೇರೆ ಹೇಳುತ್ತಿತ್ತು. ಒಂದು ದಿನ ಹುರುಳಿ ಬಡಿಯುವಾಗ ಕೋಲು ಕೆಳಗಿಟ್ಟು ಹೇಳಿದಳು. ಅವರಲ್ಲಿ ಸತ್ತವನಿಗೆ ತಾನು ಸತ್ತದ್ದು ಗೊತ್ತಾಗುವುದಿಲ್ಲವಂತೆ. ಏಳು ವಾರ ದಿಕ್ಕು ತಪ್ಪಿ ಅಲೆಯುತ್ತಾನಂತೆ. ಸತ್ತ ದಿನದಿಂದ ಹಿಡಿದು ವಾರ ವಾರವೂ ಸನ್ಯಾಸಿಗಳು ಓದಿ ಅವನಿಗೆ ದಾರಿ ಹೇಳಬೇಕಂತೆ. ಏಳು ವಾರ ಕಳೆದರೆ ಮುಗಿಯಿತು, ಎಲ್ಲಿಗೋ ಸೇರಿಬಿಡುತ್ತಾನೆ.

"ದಿನ ಬೇಕು ತಂಗಿ-ಲಾ," ಅಂದಳು. "ಯಾಕೆ ಸತ್ತ ಬೇಡ. ಎಲ್ಲಿ ಸತ್ತ ಬೇಡ. ದಿನ."

ಹುಣಸೂರಿನಲ್ಲಿ ಮಿಲಿಟರಿಯವರ ಕಾಗದ ಪತ್ರ ನೋಡುವ ಕಚೇರಿ ಇದೆ ಎಂದು ಯಾರೋ ಹೇಳಿದ್ದರು. ನಾನು ಕರೆದುಕೊಂಡು ಹೋಗುತ್ತೇನೆ ಅಂದೆ. ನಮ್ಮತ್ತೆ, "ನಿನ್ ಗಂಡನ್ನ ತುಳಿದ ಆನೇನೇ ಕಂಡಿಡಿಯಾಕಾಗ್ಲಿಲ್ಲ, ಅವಳ ಗಂಡನ್ನ ಕಂಡಿಡೀತೀಯಾ?" ಅಂದಳು. ಆದರೂ ರೊಟ್ಟಿ ಕಟ್ಟಿಕೊಟ್ಟಳು.

ಬೆಳಗಿನ ಬಸ್ಸಿಗೆ ಹೋದೆವು. ಅವಳು ಹಬ್ಬಕ್ಕೆ ಉಡುವ ಪಟ್ಟೆ ಪಟ್ಟೆ ಬಟ್ಟೆಯನ್ನು ಸೊಂಟದ ಮುಂದೆ ಕಟ್ಟಿದ್ದಳು. ಹುಣಸೂರಿನ ಸೇತುವೆ ದಾಟಿದ ಕೂಡಲೇ ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆದು ಸೀನಿದಳು. ಕಚೇರಿಯಲ್ಲಿ ಬೆಂಚಿನ ತುಂಬಾ ಜನ, ಹೆಚ್ಚಿನವರು ಹೆಂಗಸರು. ಒಬ್ಬ ಗುಮಾಸ್ತ, ಕನ್ನಡಕ ಹಣೆಗೆ ಏರಿಸಿಕೊಂಡು ಬರೆಯುತ್ತಿದ್ದ. ನಮ್ಮ ಸರದಿ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ಕೈ ಮುಗಿದಳು.

"ರೈಟರ್-ಲಾ, ನನ್ ಯಜಮಾನ..."

ಗುಮಾಸ್ತನ ಪೆನ್ನು ನಿಂತಿತು. "ಏನಂದೆ?"

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. "ಸ್ವಾಮಿ, ಅವ್ರ ಮಾತಲ್ಲಿ ಅದು ಮರ್ವಾದೆ ಕಣ್ರೀ. ತಪ್ಪು ತಿಳೀಬ್ಯಾಡಿ," ಎಂದು ನಾನು ಅಂದೆ.

"ಒಳ್ಳೆ ಮರ್ಯಾದೆ. ಯಾವ ಪಲ್ಟನ್?"

"ಹೆಸ್ರು ಇಲ್ವಂತೆ."

"ನಂಬರು?"

"ಹೇಳಬಾರ್ದಂತೆ."

"ಹೆಸ್ರಿಲ್ಲ, ನಂಬರಿಲ್ಲ. ಈ ದೇಶದೋನಾ?"

"ಅಲ್ಲ. ಟಿಬೆಟ್ಟು."

"ಈ ದೇಶದೋನಲ್ಲ, ಈ ದೇಶದ ಮಿಲಿಟ್ರೀಲಿ ಅವ್ನೆ, ಪಲ್ಟನ್ನಿಗೆ ಹೆಸ್ರಿಲ್ಲ. ಏನವ್ವ, ಬೆಳಬೆಳಗ್ಗೆ ಒಗಟು ಹೇಳಾಕೆ ಬಂದಿದ್ದೀರಾ?"

ಅವಳು ಕೈ ಮೇಲೆತ್ತಿ, ಕೊಡೆಯ ಹಾಗೆ ಬಿಡಿಸಿ, ಮೆಲ್ಲಗೆ ಮೇಜಿನ ಮೇಲೆ ಇಳಿಸಿ ತೋರಿಸಿದಳು. "ಆಕಾಶದಿಂದ. ಬಿಳಿ ಸಾಹೇಬ್-ಲಾ ಕಲ್ಸವ್ರೆ."

ಆಗ ಎಲ್ಲರೂ ನಕ್ಕರು. ಗುಮಾಸ್ತ ನಗಲಿಲ್ಲ. ಕೆಟ್ಟವನಲ್ಲ ಅವನು. ಕನ್ನಡಕ ಇಳಿಸಿಕೊಂಡು, ದಪ್ಪ ಪುಸ್ತಕ ತೆಗೆದು, ಬೆರಳು ಇಟ್ಟು ಕೊನೆಯವರೆಗೆ ನೋಡಿದ. ಕೆ.ಆರ್. ನಗರದವನೊಬ್ಬ ಇದ್ದ, ಕೋಟೆ ಕಡೆಯವನೊಬ್ಬ ಇದ್ದ, ಕಾಲು ಹೋದವನು ಇದ್ದ. ಇವಳ ಗಂಡ ಇರಲಿಲ್ಲ.

"ಇದ್ರಲ್ಲಿ ಇಲ್ದೋನು ಸತ್ತಿಲ್ಲ ಕಣಮ್ಮ," ಅಂದ. "ಸಂತೋಷವಾಗಿ ಮನೆಗೆ ಹೋಗು."

ಅವಳು ಮೆಟ್ಟಿಲು ಇಳಿಯುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಇಲ್ಲ ಅಂದ್ರೆ ಸತ್ತಿಲ್ಲ?"

ನಾನು, "ಅವ್ರು ಹಂಗಂದ್ರು" ಅಂದೆ. ಸತ್ತವನನ್ನು ಬರೆಯದಿದ್ದರೆ ಅವನು ಬದುಕಿದ್ದಾನೆ ಎಂದಲ್ಲ, ಅವನು ಇರಲೇ ಇಲ್ಲ ಎಂದು. ಅದು ನನಗೆ ಆ ಮೆಟ್ಟಿಲ ಮೇಲೇ ಹೊಳೆಯಿತು. ಅವಳಿಗೆ ಹೇಳಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯಲು ಕೂತೆವು. ಪಕ್ಕದ ಬೆಂಚಿನಲ್ಲಿ ಒಬ್ಬ ಪೇಪರ್ ಬಿಡಿಸಿ ಜೊತೆಯವನಿಗೆ ಓದಿ ಹೇಳುತ್ತಿದ್ದ. ಅವಳು ಇದ್ದಕ್ಕಿದ್ದಂತೆ ನನ್ನ ತೊಡೆಗೆ ಹೊಡೆದಳು.

"ತಂಗಿ-ಲಾ! ಗೋಧಿ! ಮತ್ತೆ ಗೋಧಿ ಬತ್ತದೆ!"

ಪೇಪರಿನ ಮೊದಲ ಪುಟದಲ್ಲಿ ದೊಡ್ಡ ಪಟ. ಇಬ್ಬರು ಕೈ ಕುಲುಕುತ್ತಿದ್ದರು. ಚೀಲದ ಮೇಲೆ ಇದ್ದದ್ದು ಬರೀ ಕೈ, ಇಲ್ಲಿ ಕೈಯ ಹಿಂದೆ ಆಳುಗಳೂ ಇದ್ದರು. ಒಬ್ಬ ಉದ್ದ ಕೋಟಿನ ಬಿಳಿಯ, ಇನ್ನೊಬ್ಬ ಕತ್ತಿನವರೆಗೆ ಗುಂಡಿ ಹಾಕಿದ್ದ. ಅವಳು ಎರಡನೆಯ ಕೈಯ ಮೇಲೆ ಬೆರಳಿಟ್ಟಳು. ಆ ಮುಖ ಅವರ ಜನದ ಮುಖದ ಹಾಗೇ ಇತ್ತು, ಸಣ್ಣ ಕಣ್ಣು, ಅಗಲ ಕೆನ್ನೆ. "ಇದು ನಾವು?" ಎಂದು ಕೇಳಿದಳು.

ಓದುತ್ತಿದ್ದವನು ಜೊತೆಯವನಿಗೆ ಹೇಳುತ್ತಿದ್ದ: "ನೋಡ್ಲಾ, ಅಮೆರಿಕದ ದೊಡ್ಡೋನು ಚೀಣಕ್ಕೆ ಹೋಗವ್ನೆ. ಕೈ ಕುಲುಕಿ, ಔತಣ ಉಂಡು, ನಾವೂ ನೀವೂ ಸ್ನೇಹ ಅಂದವ್ನಂತೆ."

"ಮೊನ್ನೆ ತಂಕ ಹಾವು ಮುಂಗುಸಿ ಆಗಿದ್ರಲ್ಲಲಾ!"

"ದೊಡ್ಡೋರ ಜಗಳ ಕಣ್ಲಾ. ಅವ್ರಿಗೆ ಬೇಕಾದಾಗ ಜಗಳ, ಬೇಡವಾದಾಗ ಊಟ."

ಅವರು ಬೇಗ ಬೇಗ ಆಡುವ ಕನ್ನಡ ಅವಳಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯಿತು. ಚೀಣ ಅನ್ನುವುದು ನನಗೆ ಗೊತ್ತಿದ್ದ ಮಾತು, ನನ್ನ ಗಂಡ ಕೊಡಲಿ ಹಿಡಿದದ್ದೇ ಅದರಿಂದ. ಓದಿ ಮುಗಿಸಿದವನು ಆ ಪುಟದ ಮೇಲೆ ಕಡಲೆಕಾಯಿ ಸಿಪ್ಪೆ ಸುರಿದು, ಅಲ್ಲೇ ಬಿಟ್ಟು ಎದ್ದ. ಅವಳು ಅದನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಎದೆಯ ಸಂದಿಗೆ ಸೇರಿಸಿಕೊಂಡಳು. ಮನೆ ಮುಟ್ಟುವ ತನಕ ಖುಷಿಯಾಗಿದ್ದಳು. ಗಂಡ ಪುಸ್ತಕದಲ್ಲಿ ಇಲ್ಲ, ಗೋಧಿ ಬರುತ್ತದೆ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ.

ಹೊತ್ತು ಇಳಿಯುವಾಗ ಅವಳ ಮನೆ ಸೇರಿದರೆ ಬಾಗಿಲಲ್ಲಿ ಒಬ್ಬ ಕೂತಿದ್ದ. ಅವಳ ಗಂಡನ ಜೊತೆಯವನು, ಹಿಂದೆ ಒಂದು ರಜೆಗೆ ಅವನ ಜೊತೆಯಲ್ಲೇ ಬಂದಿದ್ದ. ಪಕ್ಕದಲ್ಲಿ ಊರುಗೋಲು. ಒಂದು ಕಾಲು ಮಡಿಸಲು ಆಗದೆ ಮುಂದಕ್ಕೆ ಚಾಚಿತ್ತು. ಅವಳು ಅವನನ್ನು ನೋಡಿದಳು, ಅವನ ಹಿಂದೆ ಯಾರಾದರೂ ಇದ್ದಾರೋ ಎಂದು ನೋಡಿದಳು, ಒಳಗೆ ಹೋಗಿ ಟೀಗೆ ನೀರಿಟ್ಟಳು. ಕುದಿದ ಮೇಲೆ ತಂದು ಮೂವರಿಗೂ ಬಗ್ಗಿಸಿದಳು. ಆಮೇಲೆ ಅವನ ಎದುರು ಕೂತು ಒಂದು ಮಾತು ಕೇಳಿದಳು. ಅವರ ಭಾಷೆ ನನಗೆ ಬರುವುದಿಲ್ಲ, ಆದರೆ ಕೇಳಿದ್ದು ಏನು ಎಂದು ಗೊತ್ತಾಯಿತು.

ಅವನು ಬೆರಳು ಮಡಿಸಿ ಎಣಿಸಿದ, ನಿಲ್ಲಿಸಿದ, ಮತ್ತೆ ಮೊದಲಿನಿಂದ ಎಣಿಸಿದ. ಕೊನೆಗೆ ಕೈ ಚೆಲ್ಲಿದ. ದಿನ ಅವನಿಗೂ ಗೊತ್ತಿರಲಿಲ್ಲ. ಕಾಡಿನಲ್ಲಿ ದಿನ ತಪ್ಪಿಹೋಗಿತ್ತು.

ಅವನು ತುಂಡು ತುಂಡಾಗಿ ಹೇಳಿದ್ದನ್ನು ಅವಳು ತುಂಡು ತುಂಡಾಗಿ ನನಗೆ ಕನ್ನಡದಲ್ಲಿ ಹೇಳಿದಳು. ನನಗೆ ಹೇಳಲೇಬೇಕೆಂದಲ್ಲ, ಇನ್ನೊಂದು ಭಾಷೆಯಲ್ಲಿ ಹೇಳಿ ನಿಜವೋ ಎಂದು ನೋಡುತ್ತಿದ್ದಳು ಅನಿಸುತ್ತದೆ. ಬಂಗಾಳದ ಆಚೆ ಬೆಟ್ಟ. ಬಿದಿರು ಮೆಳೆ, ಆನೆ ಲದ್ದಿ, ಜಿಗಣೆ. ಇದೇ ಕಾಡು ತಂಗಿ-ಲಾ, ನಮ್ಮ ಈ ಕಾಡಿನ ಹಾಗೇ. ಅಲ್ಲಿ ಚೀಣದವನು ಒಬ್ಬನೂ ಇರಲಿಲ್ಲ. ಆಕಾಶದಿಂದ ಯಾರೂ ಇಳಿಯಲಿಲ್ಲ, ತೊರೆ ದಾಟುತ್ತಾ ನಡೆದು ಹೋದರು. ತೊರೆಯಲ್ಲಿ ಗುಂಡು ಬಿತ್ತು. ಅಲ್ಲೇ ಮೆಳೆಯ ಕೆಳಗೆ ಬಿಟ್ಟು ಮುಂದೆ ಹೋಗಬೇಕಾಯಿತು.

"ಯಾವಾಗ, ಅದಾದ್ರೂ ಕೇಳು," ಅಂದೆ ನಾನು. "ಯುದ್ಧ ಸುರುವಾದ ಮೇಲೆ ಎಷ್ಟನೇ ದಿನ?"

ಅವಳು ಕೇಳಿದಳು. ಅವನು ತಲೆ ಬಗ್ಗಿಸಿಕೊಂಡೇ ಹೇಳಿದ. ಅವಳು ಲೋಟ ಕೆಳಗಿಟ್ಟು ನನಗೆ ಹೇಳಿದಳು.

"ಯುದ್ಧ ಸುರು ಆಗೋಕೆ ಮೊದ್ಲೇ."

ರೇಡಿಯೋದಲ್ಲಿ ಯುದ್ಧ ಅನ್ನುವುದಕ್ಕೆ ಮುಂಚೆಯೇ ಅವರನ್ನು ಗುಟ್ಟಾಗಿ ಒಳಗೆ ಕಳಿಸಿದ್ದರು. ಅಂದರೆ ನಾವು ರಾಗಿ ಕೊಯ್ಯುತ್ತಿದ್ದಾಗಲೇ ಅವನು ಸತ್ತಿದ್ದ. ಟೀ ಅಂಗಡಿಯಲ್ಲಿ ಹಡಗಿನ ಮಾತು ಬಂದಾಗ ಸತ್ತಿದ್ದ, ಅವಳು ಬೂಂದಿ ತಿನ್ನುವಾಗ ಸತ್ತಿದ್ದ, ಸುಣ್ಣ ಬಳಿಯುವಾಗ ಏಳು ವಾರವೂ ಮುಗಿದುಹೋಗಿತ್ತು. ದಾರಿ ಹೇಳುವವರಿಲ್ಲದೆ ಎಲ್ಲಿಗೆ ಸೇರಬೇಕೋ ಸೇರಿಯಾಗಿತ್ತು. ಇನ್ನು ದಿನ ಸಿಕ್ಕಿದರೂ ಬೇಕಾಗಿರಲಿಲ್ಲ.

ಅವಳು ಅಳಲಿಲ್ಲ. ಎದೆಯ ಸಂದಿಯಿಂದ ಪೇಪರ್ ತೆಗೆದು ಅವನ ಮುಂದೆ ಬಿಡಿಸಿದಳು. ಗೋಧಿಯ ಸುದ್ದಿಯನ್ನಾದರೂ ಹೇಳೋಣ ಎಂದಿರಬೇಕು. ಅವನು ಪಟ ನೋಡಿದ. ತುಂಬ ಹೊತ್ತು ನೋಡಿದ. ಊರುಗೋಲು ಊರಿ ಎದ್ದು, ಪೇಪರನ್ನು ಕಿಟಕಿಯ ಪರದೆಯ ಪಕ್ಕ ಹಿಡಿದ. ಇಲ್ಲೆರಡು ಕೈ, ಅಲ್ಲೆರಡು ಕೈ. ನನಗೂ ತಿಳಿಯಲಿ ಎಂದೋ ಏನೋ, ಅವನಿಗೆ ಗೊತ್ತಿದ್ದ ಹರುಕು ಮಾತಿನಲ್ಲಿ ಹೇಳಿದ.

"ಈ ಕೈ ಅಮೆರಿಕ. ಈ ಕೈ ಚೀಣ."

ಅವಳು ಎದ್ದು ಹತ್ತಿರ ಹೋದಳು. ಪೇಪರ್ ನೋಡಿದಳು, ಪರದೆ ನೋಡಿದಳು.

"ನಾವೆಲ್ಲಿ?" ಅಂದಳು.

ಅವನು ಪೇಪರ್ ಮಡಿಸಿ ಅವಳ ಕೈಗೆ ಕೊಡಲಿಲ್ಲ, ಒಲೆಯ ಪಕ್ಕ ಇಟ್ಟ.

"ಬಿಳಿ ಸಾಹೇಬ್-ಲಾ ಸುಳ್ಳು ಹೇಳ್ದ," ಅಂದಳು ಅವಳು. ಸುಳ್ಳುಗಾರ ಅನ್ನುವಾಗಲೂ ಅವಳಿಗೆ ಆ ಲಾ ಬಿಡಲು ಬರಲಿಲ್ಲ. ನನಗೆ ಮೈ ಉರಿದುಹೋಯಿತು. ನಾನು ನಮ್ಮ ಲಾ ಹಾಕಿ ಬೈದೆ, ಆ ಸಾಹೇಬನನ್ನೂ, ಪಟದ ಇಬ್ಬರನ್ನೂ, ಹೆಸರಿಲ್ಲದ ಪಲ್ಟನ್ ಕಟ್ಟಿದ ನಮ್ಮವರನ್ನೂ, ಹುಣಸೂರಿನ ದಪ್ಪ ಪುಸ್ತಕವನ್ನೂ. ಇಲ್ಲಿ ಬರೆಯುವ ಮಾತುಗಳಲ್ಲ. ಯಾರಿಗೂ ಏನೂ ಆಗಲಿಲ್ಲ. ಎದುರು ಮನೆಯ ನಾಯಿ ಬೊಗಳಿತು.

ಆನೆ ತುಳಿದರೆ ಹೆಜ್ಜೆ ಅಳೆಯಲು ಒಬ್ಬ ಬರುತ್ತಾನೆ. ದೇಶ ತುಳಿದರೆ, ಅದೂ ಅಷ್ಟು ದೂರದ, ಅಷ್ಟು ದೊಡ್ಡ ದೇಶ ತುಳಿದರೆ, ಹೆಜ್ಜೆಯೇ ಕಾಣುವುದಿಲ್ಲ. ಅದಕ್ಕೆ ತುಳಿದದ್ದೂ ಗೊತ್ತಿರುವುದಿಲ್ಲ. ಗೋಧಿ ಕೊಟ್ಟದ್ದು ಮಾತ್ರ ಅದಕ್ಕೆ ನೆನಪಿರುತ್ತದೆ.

ಪರದೆಯನ್ನು ಅವಳು ತೆಗೆಯಲಿಲ್ಲ. ಕಿಟಕಿಗೆ ಬೇರೆ ಬಟ್ಟೆ ಇರಲಿಲ್ಲ. ನಾನು ಹೊರಡಲು ಎದ್ದಾಗ ಬಾಗಿಲ ತನಕ ಬಂದು, ಬೋಳು ಅಂಗಳ ನೋಡುತ್ತಾ ನಿಂತಳು.

"ತಂಗಿ-ಲಾ, ನಿನ್ನ ಹಲಸು ಐತಾ?"

"ಐತೆ."

"ತಾ."

ನಾನು ಮನೆ ಕಡೆ ಹೊರಟೆ. ಶಿವರಾತ್ರಿ ಕಳೆದು ಬಿಸಿಲು ಏರುವ ಕಾಲ. ಆ ಕಾಲದಲ್ಲಿ ನಮ್ಮ ಕಡೆ ಸಸಿ ಕಿತ್ತು ನೆಡುವವರು ಯಾರೂ ಇಲ್ಲ. ನೆಟ್ಟರೆ ಒಣಗುತ್ತದೆ ಎಂದು ಮಗುವಿಗೂ ಗೊತ್ತು. ಮಳೆ ಬರಲಿ ಅನ್ನಬಹುದಿತ್ತು. ಅನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಕೂಲಿಗೆ ಹೋಗಲಿಲ್ಲ. ಗುಡಿಸಲ ಹಿಂದೆ ಗುದ್ದಲಿ ಹಿಡಿದು ಕೂತು, ಮೊಣಕಾಲುದ್ದ ಇದ್ದ ಒಂದು ಸಸಿಯನ್ನು ಬೇರು ತುಂಡಾಗದ ಹಾಗೆ ಮಣ್ಣು ಸಮೇತ ಅಗೆದು ತೆಗೆದೆ. ಒದ್ದೆ ಗೋಣಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಅವಳ ಬಾಗಿಲ ಎದುರು ಗುಂಡಿ ತೋಡಿ ನೆಟ್ಟು, ಎರಡು ಬಿಂದಿಗೆ ನೀರು ಹೊಯ್ದೆ.